ಬುದ್ಧಿಮಾತು ಸಾಕು, ಕಿವಿ ಕೊಡಿ

ಕಷ್ಟ ಹೇಳಿಕೊಂಡ ಹೆಂಗಸಿಗೆ ನಮ್ಮಲ್ಲಿ ಮೊದಲು ಸಿಗುವುದು ಉಪದೇಶ. "ದೇವರ ಮೇಲೆ ಭಾರ ಹಾಕು", "ಮಕ್ಕಳ ಮುಖ ನೋಡಿಕೋ, ಎಲ್ಲ ಮರೆತುಹೋಗ್ತದೆ." ಹೇಳಿದವಳಿಗೆ ಸಮಾಧಾನ. ಕೇಳಿಸಿಕೊಂಡವಳು ಮಾತ್ರ ಮತ್ತೆ ಬಾಯಿ ತೆರೆಯುವುದಿಲ್ಲ.

2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ನಮ್ಮ ಚೆಟ್ಟಳ್ಳಿಯಂಥ ಊರುಗಳಲ್ಲೂ ಹೆಂಗಸರು ಸುತ್ತ ಕುಳಿತು ಸಾಲ, ಬಡ್ಡಿ ಲೆಕ್ಕ ಹಾಕಲು ಕಲಿತರು. ಕಂತು ಕಟ್ಟಲಾಗದಿದ್ದರೆ ಧೈರ್ಯವಾಗಿ ಹೇಳುತ್ತೇವೆ. ಮೂರು ತಿಂಗಳಿಂದ ನಿದ್ದೆಯಿಲ್ಲ ಎನ್ನಲು ನಾಚಿಕೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅಕ್ಕಿ, ಕಂಬಳಿ ಬಂದವು. ಮಳೆಯ ಸದ್ದಿಗೇ ಬೆಚ್ಚಿಬೀಳುವವಳ ಭಯಕ್ಕೆ ಏನು ಬಂತು?

1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಶುರುವಾದದ್ದು ಇಬ್ಬರು ಕುಡುಕರು ಎದುರುಬದುರು ಕುಳಿತು ಮಾತಾಡಿದ್ದರಿಂದ. ಅವರಲ್ಲೊಬ್ಬ ಡಾಕ್ಟರು, ಆದರೂ ಅಲ್ಲಿ ಆತ ಕುಡಿತ ಬಿಡಲಾಗದವನಾಗಿಯೇ ಕುಳಿತಿದ್ದ. "ನೀನು ಹೀಗೆ ಮಾಡು" ಅಲ್ಲ, "ನನಗೂ ಹೀಗಾಗಿತ್ತು" ಎನ್ನುವುದೇ ಅಂಥ ಕೂಟದ ಗುಟ್ಟು.

"ಹೆಂಗಸರು ಸೇರಿದರೆ ಚಾಡಿ ತಾನೇ" ಎನ್ನುವವರಿಗೆ ನನ್ನ ಉತ್ತರ ಇದು: ನಿಯಮ ಮಾಡಿಕೊಳ್ಳೋಣ. ಕೇಳಿದ್ದು ಹೊಸ್ತಿಲು ದಾಟಬಾರದು. "ನಂದು ಅದಕ್ಕಿಂತ ದೊಡ್ಡ ಕಷ್ಟ" ಎಂದು ನಡುವೆ ಬಾಯಿ ಹಾಕಬಾರದು. ಡಾಕ್ಟರು ಕೊಟ್ಟ ಮಾತ್ರೆ ಬಿಡು ಎನ್ನುವ ಹಕ್ಕು ಯಾರಿಗೂ ಇಲ್ಲ. ಬದುಕು ಬೇಡವೆಂದವಳನ್ನು ಒಬ್ಬಳೇ ಬಿಡಬಾರದು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಸಂಘದ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ಹಿಡಿಯುತ್ತೇವೆ. ಪಕ್ಕದಲ್ಲಿ ಕುಳಿತವಳು ತಿಂಗಳಿಂದ ಮಾತೇ ಆಡಿಲ್ಲವೆಂದು ನಮಗೆ ತಿಳಿಯಬೇಡವೇ?