ಉಚಿತ ಬಿಟ್‌ಕಾಯಿನ್ ಆಮಿಷ: ದುರಾಸೆಯೊಂದೇ ಕಾರಣವೆ?

2021ರ ಡಿಸೆಂಬರ್ 12ರ ನಸುಕಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಟ್ವಿಟರ್ ಖಾತೆಯಲ್ಲಿ ಸಂದೇಶವೊಂದು ಪ್ರಕಟವಾಯಿತು. ಭಾರತವು ಬಿಟ್‌ಕಾಯಿನ್‌ಗೆ ಕಾನೂನಿನ ಮಾನ್ಯತೆ ನೀಡಿದೆ, ಸರ್ಕಾರವು 500 ಬಿಟ್‌ಕಾಯಿನ್ ಖರೀದಿಸಿ ದೇಶದ ನಿವಾಸಿಗಳಿಗೆಲ್ಲ ಹಂಚುತ್ತಿದೆ ಎಂಬುದು ಅದರ ಒಕ್ಕಣೆ. ಖಾತೆಗೆ ಕನ್ನ ಬಿದ್ದಿದೆ, ಸಂದೇಶವನ್ನು ನಿರ್ಲಕ್ಷಿಸಿ ಎಂದು ಪ್ರಧಾನಿ ಕಚೇರಿ ಬಳಿಕ ತಿಳಿಸಿತು.

ಇಂತಹ ಬಲೆಗೆ ಬಿದ್ದವರನ್ನು ದುರಾಸೆಯವರೆಂದು ಜರಿಯುವುದು ವಾಡಿಕೆ. ಇದು ಅರ್ಧಸತ್ಯ ಮಾತ್ರ. ಹಿರಿಯೂರು ತಾಲ್ಲೂಕಿನ ಗಡಿಯಂಚಿನ ಧರ್ಮಪುರದಂತಹ ಊರುಗಳಲ್ಲಿ ಕಿಸಾನ್ ಸಮ್ಮಾನ್ ಕಂತಾಗಲಿ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯಾಗಲಿ ಜಮೆಯಾದ ಸುದ್ದಿ ತಲುಪುವುದು ಮೊಬೈಲ್ ಮೂಲಕವೇ. ಸರ್ಕಾರ ಹಣ ಹಂಚುತ್ತದೆ ಎಂಬುದು ಅಲ್ಲಿನವರಿಗೆ ಕಟ್ಟುಕಥೆಯಲ್ಲ, ಅನುಭವ. ಅದೇ ಮೊಬೈಲಿನಲ್ಲಿ, ಪ್ರಧಾನಿಯದೇ ಹೆಸರಿನಲ್ಲಿ ಬಂದದ್ದನ್ನು ನಂಬಿದರೆ ಆಶ್ಚರ್ಯವೇನು?

ವ್ಯತ್ಯಾಸವಿರುವುದು ಒಂದೇ ಕಡೆ. ಗೃಹಲಕ್ಷ್ಮಿಯ ಹಣ ಪಡೆಯಲು ಮೊದಲು ಹಣ ಕಳುಹಿಸಬೇಕಾಗಿಲ್ಲ. ವಂಚಕರ ಕೊಡುಗೆಗೆ ಕಳುಹಿಸಲೇಬೇಕು. 2020ರ ಜುಲೈ 15ರಂದು ಬರಾಕ್ ಒಬಾಮ, ಬಿಲ್ ಗೇಟ್ಸ್, ಎಲಾನ್ ಮಸ್ಕ್ ಮುಂತಾದವರ ಟ್ವಿಟರ್ ಖಾತೆಗಳನ್ನು ವಶಪಡಿಸಿಕೊಂಡವರು ಬಿಟ್‌ಕಾಯಿನ್ ಕಳುಹಿಸಿದರೆ ದುಪ್ಪಟ್ಟು ಮಾಡಿ ಹಿಂದಿರುಗಿಸುವುದಾಗಿ ಬರೆದರು. ಕೆಲವೇ ಗಂಟೆಗಳಲ್ಲಿ ಲಕ್ಷ ಡಾಲರಿಗೂ ಮಿಗಿಲಾದ ಮೊತ್ತ ಸಂಗ್ರಹವಾಯಿತು. ಸೂತ್ರಧಾರ ಫ್ಲಾರಿಡಾದ 17 ವರ್ಷದ ಹುಡುಗ! ಸುಶಿಕ್ಷಿತ ಅಮೆರಿಕದವರೇ ಮೋಸಹೋದ ಮೇಲೆ ನಮ್ಮ ಹಳ್ಳಿಗರನ್ನು ಮೂದಲಿಸುವುದು ಸಲ್ಲದು.

ಈಗ ಖಾತೆಗೆ ಕನ್ನ ಹಾಕುವ ಶ್ರಮವೂ ಬೇಕಿಲ್ಲ. ಇನ್ಫೋಸಿಸ್‌ನ ನಾರಾಯಣಮೂರ್ತಿ ಅವರ ಮುಖ, ದನಿಗಳನ್ನೇ ನಕಲು ಮಾಡಿದ ವಿಡಿಯೊಗಳು ಹರಿದಾಡಿದಾಗ, ತಾವು ಅಂತಹ ಯಾವ ವಹಿವಾಟು ಆ್ಯಪ್‌ಗಳನ್ನೂ ಬೆಂಬಲಿಸಿಲ್ಲವೆಂದು 2023ರ ಡಿಸೆಂಬರಿನಲ್ಲಿ ಅವರೇ ಹೇಳಬೇಕಾಯಿತು.

ಕಳೆದುಕೊಂಡ ಹಣ ಮರಳುವುದೆ? ಬಿಟ್‌ಕಾಯಿನ್ ಒಮ್ಮೆ ವಂಚಕನ ವಿಳಾಸ ಸೇರಿದರೆ ಅದನ್ನು ಹಿಂಪಡೆದು ಕೊಡುವ ಬ್ಯಾಂಕ್ ಇಲ್ಲ. (ಇದರ ಲಾಭದ ಮೇಲೆ ಶೇ 30ರಷ್ಟು ತೆರಿಗೆಯನ್ನು ಕೇಂದ್ರವು 2022ರಲ್ಲೇ ವಿಧಿಸಿತು, ಗ್ರಾಹಕರ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಮಾತ್ರ ಬಂದಿಲ್ಲ.) ಆದರೆ ಹಳ್ಳಿಯ ಬಹುತೇಕರ ಹಣ ಮೊದಲು ಹೊರಡುವುದು ರೂಪಾಯಿಯಾಗಿ, ಮತ್ತೊಂದು ಬ್ಯಾಂಕ್ ಖಾತೆಗೆ. ಅದು ಅಲ್ಲಿರುವಾಗಲೇ 1930 ಸಂಖ್ಯೆಗೆ ದೂರು ಹೋದರೆ ಮೊತ್ತವನ್ನು ತಡೆಹಿಡಿಯುವ ಅವಕಾಶವುಂಟು. ಚಿತ್ರದುರ್ಗದ ಸೈಬರ್ ಠಾಣೆಗೆ ಮರುದಿನ ಬಸ್ಸು ಹತ್ತಿದರಾಯಿತೆಂದು, ಅಥವಾ ಊರವರು ನಕ್ಕಾರೆಂದು ಸುಮ್ಮನಿದ್ದರೆ ಅಷ್ಟರಲ್ಲಿ ರೂಪಾಯಿಯು ಕ್ರಿಪ್ಟೊ ಆಗಿ ದೇಶ ದಾಟಿರುತ್ತದೆ.