ಇಳಿದವರ ಸಹಿ ಎಲ್ಲಿದೆ?



ಒಂದು ಇಲಾಖೆ ನಡೆಸೋರಿಗೆ ಆ ಕೆಲಸದ ಅನುಭವ ಇರಬೇಕಾ? ಈ ಪ್ರಶ್ನೆನ ಎಲ್ಲರಿಗೂ ಕೇಳಲ್ಲ ಕಣ್ರಿ. ನಿನ್ನೆವರೆಗೆ ರೇಷ್ಮೆ ಇಲಾಖೆಯಲ್ಲಿದ್ದ ಅಧಿಕಾರಿ ಇವತ್ತು ಪಾಲಿಕೆ ಕಮಿಷನರ್ ಆದರೆ "ಒಳಚರಂಡಿ ಬಗ್ಗೆ ನಿಮಗೇನು ಗೊತ್ತು ಸಾರ್?" ಅಂತ ಯಾರೂ ಬಾಯಿ ಬಿಡಲ್ಲ. ಇಪ್ಪತ್ತು ವರ್ಷ ಮ್ಯಾನ್‌ಹೋಲ್‌ಗೆ ಇಳಿದವರನ್ನ ಸಮಿತಿಗೆ ತಗೊಳ್ಳಿ ಅಂದ್ರೆ ಮಾತ್ರ "ಟೆಕ್ನಿಕಲ್ ಜ್ಞಾನ ಬೇಕಲ್ವಾ" ಅಂತಾರೆ.

ಯಾವುದು ಟೆಕ್ನಿಕಲ್ ಜ್ಞಾನ? ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆ ಥರ ನಾರುತ್ತೆ. ಜಾಸ್ತಿ ಆದಾಗ ಮೂಗೇ ಸತ್ತುಹೋಗಿ ವಾಸನೆ ಗೊತ್ತಾಗಲ್ಲ. ನಾತ ನಿಂತಿತು ಅಂದ್ರೆ ಸಾವು ಹತ್ತಿರ ಬಂತು ಅಂತ. ಬಟ್ಟೆ ಮಾಸ್ಕ್ ಅದನ್ನ ತಡೆಯಲ್ಲ. ಬಿದ್ದವನನ್ನ ಎತ್ತೋಕೆ ಹಾರಿದವನೂ ಹೆಣ ಆಗ್ತಾನೆ. ಜೆಟ್ಟಿಂಗ್ ಲಾರಿ ನಮ್ಮ ಕೇರಿಯ ಸಂದಿಗೆ ತಿರುಗೋದೇ ಇಲ್ಲ. ಟೆಂಡರ್ ಬರೆಯೋ ಟೇಬಲ್‌ಗೆ ಇದ್ಯಾವುದೂ ತಲುಪಿಲ್ಲ.

2013ರ ಕಾಯ್ದೆ ತೆಗೆದು ನೋಡಿ. ಸರ್ಕಾರ ಹೇಳಿದ ಸಾಧನ, ರಕ್ಷಣಾ ಸಲಕರಣೆ ಹಾಕ್ಕೊಂಡು ಮಲ ಬಾಚಿದವರು "ಮ್ಯಾನುಯಲ್ ಸ್ಕ್ಯಾವೆಂಜರ್" ಲೆಕ್ಕಕ್ಕೇ ಬರಲ್ಲ! ಗ್ಲೌಸ್ ಹಾಕಿದರೆ ಜಾತಿ ಕಳಚುತ್ತಾ? ಬಾಚಿದ ಕೈ ಈ ಸಾಲನ್ನ ಬರೀತಿರಲಿಲ್ಲ.

ಹಾಗಂತ "ಇಳಿದವರೇ ನಾಯಕರಾಗಬೇಕು" ಅನ್ನೋ ಗೆಳೆಯರ ಮಾತನ್ನೂ ನಾನು ಒಪ್ಪಲ್ಲ. ಈ ಅನುಭವ ನಾವು ಆರಿಸಿಕೊಂಡಿದ್ದಲ್ಲ, ಜಾತಿ ನಮ್ಮ ತಲೆ ಮೇಲೆ ಹೊರಿಸಿದ್ದು. ಅದನ್ನೇ ಅರ್ಹತೆ ಮಾಡಿದರೆ ಮುಂದಿನ ನಾಯಕನಿಗಾಗಿ ಇನ್ನೊಂದು ಮಗು ಗುಂಡಿಗೆ ಇಳೀಬೇಕಾಗುತ್ತೆ. ವಕೀಲರಾಗಿದ್ದ ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನ ಕಾರ್ಮಿಕ ಸದಸ್ಯರಾಗಿದ್ದಾಗ, 1943ರ ಡಿಸೆಂಬರ್‌ನಲ್ಲಿ, ಧನಬಾದ್‌ನ ಕಲ್ಲಿದ್ದಲು ಗಣಿಯೊಳಗೆ ಇಳಿದು ನೋಡಿದರು. ಅವರೇನು ಗಣಿ ಕಾರ್ಮಿಕರಲ್ಲ. ಆದರೆ ಫೈಲ್ ನೋಡಿ ಸುಮ್ಮನಾಗಲಿಲ್ಲ, ನೋಡಿ.

ನನ್ನ ತಕರಾರು ಅಧಿಕಾರದ್ದು. ಅದೇ ಕಾಯ್ದೆಯ ಜಿಲ್ಲಾ ಜಾಗೃತಿ ಸಮಿತಿಗೆ ಡಿಸಿ ಅಧ್ಯಕ್ಷರು. ಸಾಮಾಜಿಕ ಕಾರ್ಯಕರ್ತರಿಗೆ ಇರೋದು ಹೆಚ್ಚಂದ್ರೆ ನಾಲ್ಕು ಕುರ್ಚಿ, ಅವರನ್ನ ಆರಿಸೋದೂ ಡಿಸಿನೇ. ಮ್ಯಾನ್‌ಹೋಲ್ ಕೆಲಸ ಮಾಡಿದವರನ್ನ ಕರೆದರೂ ಕಷ್ಟ ಹೇಳಿಸಿ, ಟೀ ಕುಡಿಸಿ ಕಳಿಸ್ತಾರೆ. ಅವರ ಸಹಿ ಇಲ್ಲದೆ ಒಳಚರಂಡಿ ಕೆಲಸದ ಒಂದು ಬಿಲ್ಲೂ ಪಾಸ್ ಆಗಬಾರದು. "ಇದು ಸರಿಯಿಲ್ಲ, ನಿಲ್ಲಿಸಿ" ಅಂದ್ರೆ ಕಂಟ್ರಾಕ್ಟರ್ ಕೆಲಸ ನಿಲ್ಲಬೇಕು. ಸಾವಿನ ಪರಿಹಾರವನ್ನ ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು, ಸರಿ. ಬದುಕಿರೋರಿಗೆ ಒಂದು ಪೆನ್ ಕೊಡೋಕೆ ಯಾಕೆ ಕೈ ನಡುಗುತ್ತೆ?

ನಮ್ಮ ಸಂಘಟನೆಯ ಅಣ್ಣಂದಿರಿಗೂ ಇದೇ ಮಾತು. ಪೌರಕಾರ್ಮಿಕ ಅಕ್ಕನಿಗೆ ವೇದಿಕೆ ಮೇಲೆ ಶಾಲು ಹೊದಿಸ್ತೀರಿ. ಒಳಗೆ ನಿರ್ಣಯ ಬರೆಯೋವಾಗ ಆಕೆ ಎಲ್ಲಿರ್ತಾಳೆ? ಹೊರಗೆ ಚಪ್ಪಲಿ ಹತ್ತಿರ ನಿಂತಿರ್ತಾಳೆ.

ನಿಮ್ಮ ಜಿಲ್ಲೆಯ ಸಮಿತಿಯಲ್ಲಿ ಆ ನಾಲ್ವರು ಯಾರು, ಕೊನೇ ಸಭೆ ಯಾವಾಗ ನಡೀತು ಅಂತ ಆರ್‌ಟಿಐ ಹಾಕಿ. ಉತ್ತರ ಬಂದ್ರೆ ಇಲ್ಲೇ ಕಾಮೆಂಟಲ್ಲಿ ಹಾಕಿ.