ಚಿಲ್ಲಾ ಮುಗಿಯುವವರೆಗೆ ಕಾಯದ ಕಣ್ಣು

ನಿಮ್ಮ ಮನೆಯಲ್ಲಿ ತಿಂಗಳು ತುಂಬುವ ಮೊದಲೇ ಮಗು ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇದ್ದು ಬಂದಿದೆಯೇ? ಉಸಿರು ಸರಿಹೋಯಿತು, ಹಾಲು ಕುಡಿಯುತ್ತಿದೆ, ಅಲ್‌ಹಮ್ದುಲಿಲ್ಲಾಹ್ ಎಂದು ನಿರಾಳರಾಗುತ್ತೇವೆ. ಆದರೆ ಕಣ್ಣಿನ ಪರೀಕ್ಷೆ ಬಾಕಿ ಇರುತ್ತದೆ.

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ರಕ್ತನಾಳಗಳು ಪೂರ್ತಿ ಹರಡುವುದು ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಬೇಗ ಹುಟ್ಟಿದ ಮಗುವಿನಲ್ಲಿ ಅದು ಅರ್ಧಕ್ಕೆ ನಿಂತು, ಆಮೇಲೆ ಅಡ್ಡಾದಿಡ್ಡಿ ನಾಳಗಳು ಬೆಳೆಯಬಹುದು. ಇದನ್ನೇ ವೈದ್ಯರು ಆರ್‌ಒಪಿ ಎನ್ನುತ್ತಾರೆ. ಕಣ್ಣು ಕೆಂಪಾಗದು, ನೀರು ಸುರಿಯದು. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಏರುತ್ತಾ ಹೋಗಿ ಅಕ್ಷಿಪಟಲವೇ ಕಳಚುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಮರಳುವ ದೃಷ್ಟಿ ಬಹಳ ಅಲ್ಪ.

ಮಗು ಗುಣವಾಗುವುದು ಹಲವು ಸಂಗತಿಗಳನ್ನು ಅವಲಂಬಿಸಿದೆ: ಎಷ್ಟು ವಾರಕ್ಕೆ ಹುಟ್ಟಿತು, ಆಮ್ಲಜನಕವನ್ನು ಅಳತೆಯಿಂದ ಕೊಟ್ಟರೇ, ಸೋಂಕು ತಗುಲಿತೇ, ತೂಕ ಏರುತ್ತಿದೆಯೇ. ತಾಯಿಹಾಲು ಸಿಕ್ಕ ಮಕ್ಕಳಲ್ಲಿ ರೋಗ ತೀವ್ರವಾಗುವುದು ಕಡಿಮೆ. ಇವುಗಳಲ್ಲಿ ಕೆಲವು ನಮ್ಮ ಕೈಯಲ್ಲಿಲ್ಲ. ತಾರೀಖು ಮಾತ್ರ ನಮ್ಮ ಕೈಯಲ್ಲಿದೆ. 2 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 34 ವಾರಕ್ಕೆ ಮೊದಲು ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ತಜ್ಞರು ನೋಡಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ, ಅಥವಾ ತೂಕ 1,200 ಗ್ರಾಂಗಿಂತ ಕಡಿಮೆಯಿದ್ದರೆ, ಎರಡು ಮೂರು ವಾರದಲ್ಲೇ.

ಇಲ್ಲಿಯೇ ನಮ್ಮ ಮನೆಗಳಲ್ಲಿ ಅಡ್ಡಿ. ಚಿಲ್ಲಾ ಮುಗಿಯದೆ ಮಗುವನ್ನು ಹೊಸ್ತಿಲು ದಾಟಿಸಬಾರದು ಎಂದು ದಾದಿ, ನಾನಿ ಹೇಳುತ್ತಾರೆ. ಅವರದು ಪ್ರೀತಿಯೇ. ಆದರೆ ಷರೀಅತ್‌ನಲ್ಲಿ ನಲವತ್ತು ದಿನದ ಲೆಕ್ಕ ಬಾಣಂತಿಯ ನಮಾಝ್, ರೋಝಾಗಳಿಗೆ ಸಂಬಂಧಿಸಿದ್ದು. ಮಗುವನ್ನು ವೈದ್ಯರ ಬಳಿ ಒಯ್ಯಬೇಡಿ ಎಂದು ಅದು ಹೇಳುವುದಿಲ್ಲ. ತಾತನ ಕಣ್ಣಿನ ಪೊರೆ ಮುಂದಿನ ಶಿಬಿರಕ್ಕೆ ಕಾದೀತು, ಇದು ಕಾಯುವುದಿಲ್ಲ. ಚಿಕಿತ್ಸೆ ಬೇಕು ಎಂದು ತೀರ್ಮಾನವಾದರೆ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಚುಚ್ಚುಮದ್ದು ಆಗಬೇಕು. (ಸುರ್ಮಾ ಹಚ್ಚಿದರೆ ಕಣ್ಣು ಚುರುಕಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಎಷ್ಟೋ ಸುರ್ಮಾಗಳಲ್ಲಿ ಸೀಸ ಇರುತ್ತದೆ.)

ದೂರವೂ ಒಂದು ಕಾರಣ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಹೆರಿಗೆ ಒಂದೂರಲ್ಲಿ, ಬಾಣಂತನ ಶಿರಾದ ತವರಲ್ಲಿ, ಆಸ್ಪತ್ರೆಯ ಕಾಗದದಲ್ಲಿರುವುದು ಕೊರಟಗೆರೆಯ ಗಂಡನ ಮನೆಯ ವಿಳಾಸ. ಕರೆ ಮಾಡಿದರೆ ಫೋನ್ ಮಗುವಿನ ಅಪ್ಪನ ಜೇಬಿನಲ್ಲಿ. ಈ ದೂರದ ಕಷ್ಟ ಅರಿತೇ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಆರಂಭಿಸಿತು: ತರಬೇತಾದ ಸಿಬ್ಬಂದಿ ಕ್ಯಾಮೆರಾವನ್ನು ಜಿಲ್ಲೆಗಳ ಶಿಶು ಘಟಕಗಳಿಗೇ ಒಯ್ದು ಕಣ್ಣಿನ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನ ತಜ್ಞರು ಅದನ್ನು ನೋಡಿ ತಿಳಿಸುತ್ತಾರೆ. ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಈ ರೋಗವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಒಮ್ಮೆ ನೋಡಿ ‘ಸದ್ಯಕ್ಕೆ ಏನೂ ಇಲ್ಲ’ ಎಂದರೆ ಮುಗಿಯಿತೆಂದಲ್ಲ. ನಾಳಗಳು ಪೂರ್ತಿ ಬೆಳೆಯುವವರೆಗೆ ವಾರ, ಎರಡು ವಾರಕ್ಕೊಮ್ಮೆ ಹೋಗಬೇಕು. ಚುಚ್ಚುಮದ್ದು ಪಡೆದ ಮಕ್ಕಳಲ್ಲಿ ತಿಂಗಳುಗಳ ನಂತರವೂ ಮರುಕಳಿಸುವುದುಂಟು.

ಮದುವೆಗೆ, ಮಯ್ಯಿತ್‌ಗೆ ವಾಹನ ಒದಗಿಸುವ ಜಮಾಅತ್‌ಗಳು ಮಧುಗಿರಿಯಲ್ಲೂ ಇವೆ, ಪಾವಗಡದಲ್ಲೂ ಇವೆ. ಇಂಥ ಮಗುವಿನ ನಾಲ್ಕೈದು ಪ್ರಯಾಣದ ಖರ್ಚನ್ನು ಅವು ವಹಿಸಿಕೊಳ್ಳಬೇಕು ಎಂಬುದು ನನ್ನ ಒತ್ತಾಯ. ನೀವು ಮಗುವನ್ನು ಮನೆಗೆ ಕರೆತರುವ ದಿನ, ಕಣ್ಣಿನ ಪರೀಕ್ಷೆ ಯಾವ ತಾರೀಖಿಗೆ, ಎಲ್ಲಿ ಎಂದು ವೈದ್ಯರಿಂದ ಬರೆಸಿಕೊಂಡೇ ಹೊರಡಿ.